ಆಡದೆ ಉಳಿದ ಒಂದು ಪದ

೨೦೧೧ನೆಯ ಮಾರ್ಚ್ ೧೧ರಂದು ಜಪಾನಿನ ನೆಲ ನಡುಗಿದೊಡನೆ ಫುಕುಶಿಮಾ ದೈಯಿಚಿಯಲ್ಲಿ ನಡೆಯುತ್ತಿದ್ದ ಮೂರು ಅಣುಸ್ಥಾವರಗಳೂ ತಾವಾಗಿ ನಿಂತುವೆಂದು ಕೇಳಿ ನಾನು ಸಮಾಧಾನಗೊಂಡಿದ್ದೆ. ನಿಂತುದು ನಿಜ, ಆರಿರಲಿಲ್ಲ. ಬೂದಿ ಮುಚ್ಚಿದ ಕೆಂಡವೆನ್ನುತ್ತೇವಲ್ಲ, ಅಂತೆಯೇ. ಅಣುವಿದಳನ ನಿಂತ ಮೇಲೂ ಇಂಧನವು ಕಾವನ್ನು ಕಾರುತ್ತಲೇ ಇರುತ್ತದೆ. ತಣಿಸಲು ನೀರು ಬೇಕು, ನೀರು ಹರಿಯಲು ವಿದ್ಯುತ್ತು ಬೇಕು. ಹೊರಗಿನ ವಿದ್ಯುತ್ತನ್ನು ಭೂಕಂಪ ಕಡಿಯಿತು. ಮುಕ್ಕಾಲು ಗಂಟೆಯ ಮೇಲೆ, ಸ್ಥಾವರವು ಎಣಿಸಿದ್ದ ಸುಮಾರು ೬ ಮೀಟರಿನ ಇಮ್ಮಡಿಗೂ ಮಿಕ್ಕಿದ ಕಡಲ ತೆರೆ ಬಂದು ನೆಲಮಾಳಿಗೆಯ ಡೀಸೆಲ್ ಯಂತ್ರಗಳನ್ನು ಮುಳುಗಿಸಿತು. ವಿದ್ಯುತ್ತನ್ನು ಹುಟ್ಟಿಸುವ ಮನೆಯಲ್ಲಿಯೇ ಕತ್ತಲೆ!

ಜನರನ್ನು ತೆರವು ಮಾಡಿಸುವ ವಲಯ ಒಂದು ದಿನದೊಳಗೆ ೩, ೧೦, ೨೦ ಕಿಲೋಮೀಟರುಗಳಿಗೆ ಹಿಗ್ಗಿತು. ೧೨, ೧೪, ೧೫ರಂದು ಒಂದೊಂದಾಗಿ ಮೂರು ಕಟ್ಟಡಗಳು ಜಲಜನಕದಿಂದ ಸಿಡಿದುವು. ಬೆಳಗಿನ ಸುದ್ದಿಯನ್ನು ಸಂಜೆಯ ಸುದ್ದಿ ಅಳಿಸುತ್ತಿತ್ತು.

ಭಾಷೆಯನ್ನು ಪಾಠ ಹೇಳುವ ನನ್ನನ್ನು ಇಂದಿಗೂ ಕಾಡುವುದು ಬೇರೊಂದು. ಇಂಧನಕ್ಕೆ ‘ಹಾನಿ’ಯಾಗಿದೆಯೆಂದೇ ಟೋಕಿಯೋ ವಿದ್ಯುತ್ ಕಂಪನಿ ಎರಡು ತಿಂಗಳು ಹೇಳುತ್ತಿತ್ತು, ‘ಕರಗಿದೆ’ಯೆಂದು ಒಪ್ಪಿದುದು ಮೇ ತಿಂಗಳಲ್ಲಿ. ಆ ಪದವನ್ನು ಆಡಕೂಡದೆಂದು ಆಗಿನ ಅಧ್ಯಕ್ಷರೇ ಸೂಚಿಸಿದ್ದರೆಂಬುದು ೨೦೧೬ರ ತನಿಖೆಯಿಂದ ಹೊರಬಿದ್ದಿತು. ಕಂಪನಿ ಕ್ಷಮೆ ಬೇಡಿತು. ತಜ್ಞರಿಗೆ ಇದು ಪರಿಭಾಷೆಯ ಚರ್ಚೆಯಾಗಿರಬಹುದು. ಮನೆಗೆ ಬೀಗವಿಕ್ಕಿ, ಕೊಟ್ಟಿಗೆಯ ದನಗಳನ್ನು ಬಿಟ್ಟು ನಡೆದವರಿಗೆ, ನಾಳೆ ಮರಳುವೆವೋ ವರ್ಷಗಟ್ಟಲೆ ಮರಳೆವೋ ಎಂಬುದರ ಸುಳಿವು ಆ ಒಂದು ಪದದಲ್ಲಿತ್ತು. ಬಹುಮಂದಿ ಉಟ್ಟ ಬಟ್ಟೆಯಲ್ಲಿಯೇ ಹೊರಟಿದ್ದರು.