ನೀರಿನಲ್ಲಿದ್ದರೇ ದೋಣಿ

ಭಾನುವಾರ ಸಂಜೆ ಮಕ್ಕಳನ್ನು ಕರೆದುಕೊಂಡು ಗೇಟ್‌ವೇಗೆ ಒಮ್ಮೆಯಾದರೂ ಹೋಗದ ಕನ್ನಡ ಕುಟುಂಬ ಮುಂಬಯಿಯಲ್ಲಿ ಇರಲಾರದು. ಡೊಂಬಿವಲಿಯಿಂದಲೋ ಬೊರಿವಲಿಯಿಂದಲೋ ಲೋಕಲ್ ಗಾಡಿಯಲ್ಲಿ ನಿಂತೇ ಬಂದು, ಕಡಲಕಟ್ಟೆಯ ಬಳಿ ಸಿಂಗ್‌ದಾಣೆ ಮೆಲ್ಲುತ್ತ, ಎಲಿಫಂಟಾಕ್ಕೆ ಹೋಗುವ ಲಾಂಚುಗಳನ್ನೂ ಅವುಗಳಾಚೆ ತೇಲುವ ಬಿಳಿಯ ಹಾಯಿಗಳನ್ನೂ ನೋಡುವುದು ನಮ್ಮಂಥವರ ಪುಕ್ಕಟೆ ವಿಲಾಸ. ಆ ಹಾಯಿದೋಣಿಗಳು ದೊಡ್ಡವರ ಆಟಿಕೆಗಳು, ಅವುಗಳ ಗೊಡವೆ ನಮಗೇಕೆ ಎನ್ನುವವರಿದ್ದಾರೆ. ಅವರಿಗಾಗಿಯೇ ಈ ಸಲ ಒಂದು ದೋಣಿಯ ಕಥೆ ಹೇಳುತ್ತೇವೆ. ಅದು ಹುಟ್ಟಿದ್ದು ನಮ್ಮ ಈ ಕೋಲಾಬಾದಲ್ಲಿಯೇ.

ದೋಣಿಯ ಹೆಸರು 'ಸುಹೈಲಿ'. ಅರಬ್ ನಾವಿಕರು ಪರ್ಶಿಯಾ ಕೊಲ್ಲಿಯ ಆಗ್ನೇಯ ಗಾಳಿಯನ್ನು ಕರೆಯುವ ಹೆಸರಿದು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗುಗಳಲ್ಲಿ ಅಧಿಕಾರಿಯಾಗಿದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಇಂಗ್ಲಿಷ್ ತರುಣನಿಗೆ ಸ್ವಂತ ದೋಣಿಯಲ್ಲಿ ಊರು ಸೇರುವ ಹುಚ್ಚು ಹಿಡಿಯಿತು. ಜತೆಗಾರರನ್ನು ಕೂಡಿಸಿಕೊಂಡು ನಕ್ಷೆಗೆ ಬರೆದು ಹಾಕಿದ. ಕೇಳಿದ ನಕ್ಷೆ ಒಂದು, ಅಂಚೆಯಲ್ಲಿ ಬಂದದ್ದು ಮತ್ತೊಂದು! ಬಂದದ್ದು ಅಮೆರಿಕದ ವಿಲಿಯಂ ಆಟ್ಕಿನ್ ಬರೆದ 'ಎರಿಕ್' ಎಂಬ ಹಳೆಯ ನಕ್ಷೆ. ನಾರ್ವೆ ದೇಶದ ಜೀವರಕ್ಷಕ ದೋಣಿಗಳ ವಂಶದ್ದು. ನೋಟಕ್ಕೆ ತುಸು ದಪ್ಪ, ನಡಿಗೆಗೆ ತುಸು ನಿಧಾನ, ಬಿರುಗಾಳಿಗೆ ಮಾತ್ರ ಜಗ್ಗದ ಜಾತಿ. ಮತ್ತೆ ಬರೆದು ಕಾಯುವುದಕ್ಕೆ ವ್ಯವಧಾನವೆಲ್ಲಿ? ಬಂದದ್ದೇ ಪಂಚಾಮೃತವೆಂದು ಕೋಲಾಬಾ ವರ್ಕ್‌ಷಾಪಿನಲ್ಲಿ ಕೆಲಸ ಹಿಡಿಸಿಯೇಬಿಟ್ಟ.

ಮೂವತ್ತೆರಡು ಅಡಿಯ ದೋಣಿ, ಎರಡು ಕೂವೆಮರ, ಮೈಯೆಲ್ಲ ತೇಗ. ನಮ್ಮ ಬಡಗಿಗಳು ಅದನ್ನು ಬಾಚಿಯಿಂದ ಕೆತ್ತಿ, ಹಗ್ಗ ಸುತ್ತಿ ತಿರುಗಿಸುವ ಬೈರಿಗೆಯಿಂದ ಕೊರೆದು ಕಟ್ಟಿದರು. ಅವರ ಕೈಗೆ ಇದೇನೂ ಹೊಸ ವಿದ್ಯೆಯಲ್ಲ. 1736ರಲ್ಲಿ ಸೂರತ್ತಿನಿಂದ ಬಂದ ಲವ್ಜಿ ನಸರ್‌ವಾನ್ಜಿ ವಾಡಿಯಾನ ಮನೆತನ ಮುಂಬಯಿಯ ಹಡಗುಕಟ್ಟೆಯಲ್ಲಿ ತಲೆತಲಾಂತರ ಹಡಗು ಕಟ್ಟಿತು. ಮಲಬಾರದ, ನಮ್ಮ ಕನ್ನಡ ಜಿಲ್ಲೆಯ ಕಾಡಿನ ತೇಗವು ಸಮುದ್ರದ ಮೇಲೆ ಇಲ್ಲಿಗೆ ಬರುತ್ತಿತ್ತು. 1817ರಲ್ಲಿ ಇಲ್ಲಿ ನೀರಿಗಿಳಿದ 'ಟ್ರಿಂಕೋಮಲೀ' ಎಂಬ ಯುದ್ಧನೌಕೆ ದುರಸ್ತಿಗೊಂಡು, ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಇನ್ನೂ ತೇಲುತ್ತಿದೆ. ಆ ಮನೆತನದ ಊರಿನಲ್ಲಿ ಸುಹೈಲಿ 1964ರಲ್ಲಿ ತೆಂಗಿನಕಾಯಿ ಒಡೆಸಿಕೊಂಡು ನೀರಿಗಿಳಿಯಿತು. ಮರುವರ್ಷ ಮುಂಬಯಿ ಬಿಟ್ಟು, ದಾರಿಯಲ್ಲಿ ಹಣ ಸಾಲದೆ ದಕ್ಷಿಣ ಆಫ್ರಿಕಾದಲ್ಲಿ ಒಡೆಯ ದುಡಿಯುವವರೆಗೆ ಕಾದು, 1967ರಲ್ಲಿ ಇಂಗ್ಲೆಂಡ್ ಮುಟ್ಟಿತು.

ಮುಂದಿನದು ಜಗತ್ತಿಗೆಲ್ಲ ತಿಳಿದ ಸಂಗತಿ. ಎಲ್ಲಿಯೂ ನಿಲ್ಲದೆ ಒಬ್ಬನೇ ಭೂಮಿಯನ್ನು ಸುತ್ತಿಬರುವ ಪಂದ್ಯಕ್ಕೆ 1968ರಲ್ಲಿ ಒಂಬತ್ತು ಮಂದಿ ಹೊರಟರು. ಸುಹೈಲಿ ಜೂನ್ 14ರಂದು ಫಾಲ್ಮತ್ ಬಂದರು ಬಿಟ್ಟಿತು. ಕೇಪ್ ವರ್ಡ್ ದ್ವೀಪಗಳ ಬಳಿಗೆ ಬರುವಷ್ಟರಲ್ಲಿ ಅಡಿಮರದ ಪಕ್ಕದ ಸಂದು ಬಿಟ್ಟು ನೀರು ಒಳಗೆ ಬರತೊಡಗಿತು. ಒಡೆಯ ಕಡಲಿಗಿಳಿದು, ಉಸಿರು ಹಿಡಿದು ಮುಳುಗಿ, ಸಂದಿಗೆ ಹತ್ತಿಯ ನೂಲು ತುಂಬಿದ. ಮೇಲೆ ಕ್ಯಾನ್ವಾಸ್ ಪಟ್ಟಿ, ಅದರ ಮೇಲೆ ತಾಮ್ರದ ತಗಡು ಹೊಡೆದ. ನಡುವೆ ಒಂದು ಶಾರ್ಕ್ ಮೀನು ಸುತ್ತು ಹಾಕುತ್ತಿದ್ದುದರಿಂದ ಬಂದೂಕನ್ನೂ ಹಿಡಿಯಬೇಕಾಯಿತು. ಹೀಗೆ 312 ದಿನ ಕಳೆದು 1969ರ ಏಪ್ರಿಲ್ 22ರಂದು ಸುಹೈಲಿ ಫಾಲ್ಮತಿಗೆ ಮರಳಿತು. ಪಂದ್ಯ ಮುಗಿಸಿದ್ದು ಅದೊಂದೇ! ಗೆದ್ದ 5000 ಪೌಂಡುಗಳನ್ನು ನಾಕ್ಸ್-ಜಾನ್‌ಸ್ಟನ್, ಅದೇ ಪಂದ್ಯದಲ್ಲಿ ತೀರಿಹೋದ ಡೊನಾಲ್ಡ್ ಕ್ರೋಹರ್ಸ್ಟನ ಮಡದಿ ಮಕ್ಕಳಿಗೆ ಕೊಟ್ಟುಬಿಟ್ಟ.

ಸಾಹಸದ ಕಥೆ ಇಲ್ಲಿಗೆ ಮುಗಿಯಿತು. ನಮಗೆ ಹೇಳಬೇಕಾದದ್ದು ಮುಂದಿನದು.

ಇಷ್ಟು ಕೀರ್ತಿ ಪಡೆದ ದೋಣಿಗೆ ಯೋಗ್ಯವಾದ ಜಾಗ ಯಾವುದು? 1997ರಲ್ಲಿ ಅದನ್ನು ಲಂಡನ್ನಿನ ಗ್ರೀನಿಚ್‌ನಲ್ಲಿರುವ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದೊಳಗೆ ಇರಿಸಿದರು. ಮಳೆಯಿಲ್ಲ, ಬಿಸಿಲಿಲ್ಲ, ಅಲೆಯ ಪೆಟ್ಟಿಲ್ಲ. ನೋಡಲು ಬಂದವರ ಮೆಚ್ಚುಗೆ ಬೇಕಾದಷ್ಟು. ಇದಕ್ಕಿಂತ ಹೆಚ್ಚಿನ ಸುಖವೇನು ಎಂದು ನಾವೂ ನೀವೂ ಅಂದುಕೊಳ್ಳುತ್ತಿದ್ದೆವು. ಆದರೆ ಆ ಒಣ ಗಾಳಿಗೆ ಮೂರು ದಶಕ ಉಪ್ಪುನೀರು ಕುಡಿದ ಹಲಗೆಗಳು ಕುಗ್ಗತೊಡಗಿದವು. ನಮ್ಮ ಕರಾವಳಿಯ ಮೊಗವೀರರನ್ನು ಕೇಳಿದರೆ ಇದರ ಗುಟ್ಟು ಹೇಳಿಯಾರು. ಮರದ ದೋಣಿ ನೀರಿನಲ್ಲಿದ್ದಷ್ಟು ಕಾಲ ಹಲಗೆ ಉಬ್ಬಿ ಒಂದಕ್ಕೊಂದು ಒತ್ತಿಕೊಂಡಿರುತ್ತದೆ. ಆ ಒತ್ತಡದಿಂದಲೇ ಸಂದು ಮುಚ್ಚಿರುತ್ತದೆ. ದಡದಲ್ಲಿ ಒಣಗಿದ ದೋಣಿ ಬಿರಿಯುತ್ತದೆ. ದಕ್ಷಿಣ ಸಾಗರದ ಬಿರುಗಾಳಿ ಮಾಡದ ಕೆಡುಕನ್ನು ಬೆಚ್ಚನೆಯ ಕೋಣೆಯೊಂದು ಸದ್ದಿಲ್ಲದೆ ಮಾಡುತ್ತಿತ್ತು.

ತನ್ನ ದೋಣಿ ಹೀಗೆ ಸಾಯುವುದನ್ನು ನೋಡಲಾರದೆ 2002ರಲ್ಲಿ ಒಡೆಯ ಅದನ್ನು ಹೊರಗೆ ತಂದ. ಆತ ಅಷ್ಟರಲ್ಲಿ ಸರ್ ರಾಬಿನ್ ಆಗಿದ್ದರೂ ಬಡಗಿಯ ಕೆಲಸಕ್ಕೆ ನಾಚಲಿಲ್ಲ. ಮುಂಬಯಿಯಲ್ಲಿ ಹೊಡೆದ ಕಬ್ಬಿಣದ ಮೊಳೆಗಳಿಗೆ ತುಕ್ಕು ಹಿಡಿದಿತ್ತು. ತುಕ್ಕು ಹಿಡಿದ ಮೊಳೆ ಉಬ್ಬಿ ಸುತ್ತಲಿನ ಮರವನ್ನೂ ಕೆಡಿಸುವುದರಿಂದ ಒಂದೊಂದನ್ನೇ ಕಿತ್ತು ಬೇರೆಯದನ್ನು ಕೂಡಿಸಬೇಕು. ಇದು ವಾರದ ಕೆಲಸವಲ್ಲ, ವರ್ಷಗಳ ಕೆಲಸ. ಎಪ್ಪತ್ತು ದಾಟಿದ ಮೇಲೂ ಆತ ಅದರಲ್ಲಿ ಕೈಮಸಿ ಮಾಡಿಕೊಂಡ. ಹಲಗೆಗಳು ಮಾತ್ರ ಆ ತೇಗದವೇ. ಮೊದಲ ಯಾತ್ರೆಗೆ ಐವತ್ತು ತುಂಬಿದ ದಿನ, 2018ರ ಜೂನ್ 14ರಂದು, ಸುಹೈಲಿ ಫಾಲ್ಮತಿನ ನೀರಿನಲ್ಲಿ ಹಾಯಿ ಬಿಚ್ಚಿತ್ತು. ಚುಕ್ಕಾಣಿಯ ಬಳಿ ಎಪ್ಪತ್ತೊಂಬತ್ತರ ಅದೇ ಒಡೆಯ. ಅದೇ ನಕ್ಷೆಯಿಂದ ಗೋವೆಯಲ್ಲಿ ಕಟ್ಟಿದ 'ತುರೀಯ'ದಲ್ಲಿ ನಮ್ಮ ನೌಕಾದಳದ ಅಭಿಲಾಷ್ ಟೋಮಿ ಮರು ತಿಂಗಳು ಹೊಸ ಪಂದ್ಯಕ್ಕೆ ಹೊರಟದ್ದು ಈ ಮಾತಿಗೆ ಸೇರಿಸಬೇಕಾದ ಸಂತೋಷ.

ಒಡೆತನವೆಂದರೆ ಬೀಗದ ಕೈ ಸೊಂಟದಲ್ಲಿರುವುದೆಂದು ನಾವು ತಿಳಿದಿದ್ದೇವೆ. ಹಳೆಯ ದೋಣಿ ಸಾಕಿದವರಿಗೆ ಗೊತ್ತು, ಒಡೆತನವೆಂದರೆ ಚಾಕರಿ. ವರ್ಷ ವರ್ಷವೂ ಕೆರೆಯಬೇಕು, ಸಂದು ತುಂಬಬೇಕು, ಬಣ್ಣ ಬಳಿಯಬೇಕು. ಇಷ್ಟೆಲ್ಲ ಮಾಡಿ ಮತ್ತೆ ಅಲೆಯ ಪೆಟ್ಟಿಗೇ ಬಿಡಬೇಕು.

ಇದನ್ನು ಬರೆಯುತ್ತಿರುವಾಗ ನಮಗೆ ನಮ್ಮ ಮನೆಗಳ ನೆನಪಾಗುತ್ತದೆ. ಊರಿನಿಂದ ತಂದ ಕನ್ನಡವನ್ನು ಮುಂಬಯಿಯ ನಾವು ಕಡಿಮೆ ಗೌರವದಿಂದ ಕಂಡಿಲ್ಲ. ನವೆಂಬರಿನಲ್ಲಿ ಅದಕ್ಕೆ ಹಾರ ಹಾಕುತ್ತೇವೆ, ಶಾಲು ಹೊದಿಸುತ್ತೇವೆ, ಭಾಷಣ ಮಾಡುತ್ತೇವೆ. ಉಳಿದ ದಿನಗಳಲ್ಲಿ ಅಜ್ಜಿ ಕನ್ನಡದಲ್ಲಿ ಕೇಳಿದರೆ ಮೊಮ್ಮಗ ಹಿಂದಿಯಲ್ಲಿ ಉತ್ತರಿಸುತ್ತಾನೆ. ಅವನು ಕನ್ನಡದಲ್ಲಿ ತಪ್ಪಿ ಆಡಿದ ಒಂದು ಮಾತಿಗೆ ನಾವೆಲ್ಲ ನಕ್ಕುಬಿಟ್ಟರೆ, ಮತ್ತೆ ಬಾಯಿ ತೆರೆಯುವುದೇ ಇಲ್ಲ. ತಪ್ಪಾಡಲಿ, ನಗಬೇಡಿ. ಸಂದಿನಲ್ಲಿ ಸ್ವಲ್ಪ ನೀರು ಬಂದೀತು. ಹತ್ತಿ ತುಂಬುವುದಕ್ಕೆ ನಾವಿದ್ದೇವಲ್ಲ!

ಮುಂದಿನ ಭಾನುವಾರ ಗೇಟ್‌ವೇಗೆ ಹೋದಾಗ ಮಕ್ಕಳಿಗೆ ಸುಹೈಲಿಯ ಕಥೆ ಹೇಳಿರಿ. ಹೇಳುವುದು ಕನ್ನಡದಲ್ಲಿಯೇ ಆಗಲಿ.