ಹೇಳಿದವರ ಹೆಸರೆಲ್ಲಿ?

ಮುಂಬಯಿ ಕನ್ನಡಿಗರ ಬದುಕು ಕುರಿತ ಪುಸ್ತಕವೊಂದು ವಿಮರ್ಶೆಗೆಂದು ಬಂದಿದೆ. ಠಾಣೆ, ಡೊಂಬಿವಲಿ, ಕಲ್ಯಾಣದ ಹೋಟೆಲುಗಳಲ್ಲಿ ದುಡಿದವರು, ವಾಗಳೆ ಎಸ್ಟೇಟಿನ ಕಾರ್ಖಾನೆಗಳಲ್ಲಿ ಸವೆದವರು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು ಗಂಟೆಗಟ್ಟಲೆ ಹೇಳಿಕೊಂಡಿದ್ದನ್ನೇ ಆಧರಿಸಿ ಬರೆದದ್ದು. ಹೇಳಿದವರ ಹೆಸರು ಮಾತ್ರ ಅನುಬಂಧದಲ್ಲಿ, ‘ವಕ್ತೃಗಳು’ ಎಂಬ ತಲೆಬರಹದಡಿ, ಸಣ್ಣ ಅಕ್ಷರದಲ್ಲಿದೆ. ಅವರಲ್ಲೊಬ್ಬರು ವರ್ತಕ ನಗರದವರು, ನಮ್ಮ ಹಳೆಯ ಓದುಗರು. ಅವರಿಗೆ ಪುಸ್ತಕದ ಒಂದು ಪ್ರತಿಯೂ ತಲುಪಿಲ್ಲ. ನಾವು ಇದನ್ನು ಪ್ರಶ್ನಿಸಿದ್ದಕ್ಕೆ ನಗರದ ಸೋದರ ಪತ್ರಿಕೆಯೊಂದು ಪಾಠ ಹೇಳಿದೆ: ಜನರ ನೆನಪು ಕಚ್ಚಾಮಾಲು, ಅದನ್ನು ಸಂಶೋಧನೆಯಾಗಿ ಮಾಡುವುದು ವಿದ್ವಾಂಸರಿಗೆ ಬಿಟ್ಟ ಕೆಲಸವಂತೆ.

ಈ ವಾದವನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮುಂದೆ ಇಟ್ಟು ನೋಡಲಿ. ಬಿಸಿಲು ಬಲಿಯುವ ಮುನ್ನ, ಎಲೆ ಉದುರಿದ ಹೊತ್ತಿನಲ್ಲಿ, ಸೋಲಿಗರು ಕಾಡಿನ ತರಗಿಗೆ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ನೆಲದ ಮೇಲೇ ಹರಿದು ಆರುತ್ತದೆ, ದೊಡ್ಡ ಮರಕ್ಕೆ ಏರುವುದಿಲ್ಲ. ಹೊಸ ಹುಲ್ಲು ಚಿಗುರುತ್ತದೆ, ಲಂಟಾನದ ಸಸಿಗಳು ಸುಟ್ಟುಹೋಗುತ್ತವೆ, ನೆಲ್ಲಿಮರದ ರಸ ಹೀರುವ ಉಪ್ಪಿಲು ಎಂಬ ಬಂದಳಿಕೆ ಹತೋಟಿಯಲ್ಲಿರುತ್ತದೆ. 1974ರಲ್ಲಿ ಕಾಡು ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಆಮೇಲೆ ಲಂಟಾನ ಆಳೆತ್ತರಕ್ಕೆ ಬೆಳೆದು ದಾರಿ ಮುಚ್ಚಿತು. ಬೆಂಕಿ ನಿಂತದ್ದೇ ಇದಕ್ಕೆ ಕಾರಣ ಎಂದು ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಹಿರಿಯರು ಹೇಳುತ್ತಲೇ ಬಂದರು. ಕೇಳಿಸಿಕೊಂಡವರು ಯಾರು?

ಪರಿಸರ ಸಂಶೋಧನೆ ನಡೆಸುವ ಬೆಂಗಳೂರಿನ ಏಟ್ರೀ ಸಂಸ್ಥೆಯವರು ಕಾಡನ್ನು ತಾಕು ತಾಕಾಗಿ ಅಳೆದರು. 1997ರಲ್ಲಿ ನೂರಕ್ಕೆ 41 ತಾಕುಗಳಲ್ಲಿದ್ದ ಲಂಟಾನ 2008ರ ಹೊತ್ತಿಗೆ 81ರಲ್ಲಿ ಹಬ್ಬಿತ್ತು. ಅಳೆದವರ ಶ್ರಮ ದೊಡ್ಡದು, ಅದನ್ನು ನಾವು ಗೌರವಿಸುತ್ತೇವೆ. ಅವರು ಸೋಲಿಗರನ್ನು ಕೂರಿಸಿಕೊಂಡು ಕೇಳಿದ್ದೂ ನಿಜ. ಆದರೆ ಏನನ್ನು ಅಳೆಯಬೇಕೆಂಬ ಪ್ರಶ್ನೆ ಪೋಡಿನಲ್ಲಿ ಹುಟ್ಟಿತ್ತು. ಪ್ರಶ್ನೆ ಕೇಳಿದವನು ಸಂಶೋಧಕ ಅಲ್ಲವೆ?

ಅಲ್ಲಿಗೇ ನಿಲ್ಲದೆ, ಸೋಲಿಗರು ತಮ್ಮ ಕುಲಗಳ ಯೆಲ್ಲೆಗಳನ್ನೂ ಆ ಯೆಲ್ಲೆಗಳೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳನ್ನೂ ನಡೆದು ತೋರಿಸಿ ನಕ್ಷೆಗೆ ತಂದರು. ಈ ಕೆಲಸದಲ್ಲಿ ಸೋಲಿಗರೇ ಆದ ಡಾ. ಸಿ. ಮಾದೇಗೌಡರಿದ್ದರು. 2011ರ ಜನವರಿಯಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ‘ಕಚ್ಚಾಮಾಲು’ ಎಂದವರು ಈ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಬೇಕು.

ಉತ್ತರ ಧ್ರುವ ಪ್ರದೇಶದ ಇನ್ಯೂಟರ ಕತೆಯೂ ಇದೇ. 1845ರಲ್ಲಿ ಬ್ರಿಟಿಷ್ ನಾವಿಕ ಫ್ರಾಂಕ್ಲಿನ್‌ನ ಎರಡು ಹಡಗುಗಳು 129 ಮಂದಿಯೊಂದಿಗೆ ಹಿಮದಲ್ಲಿ ಕಣ್ಮರೆಯಾದವು. ಆ ಜನ ಹಸಿವಿನಿಂದ ಸತ್ತರು, ಕೊನೆಗೆ ಹೆಣ ತಿಂದರು ಎಂದು ಇನ್ಯೂಟರು ಹೇಳಿದ್ದನ್ನು 1854ರಲ್ಲಿ ಅನ್ವೇಷಕ ಜಾನ್ ರೇ ಲಂಡನ್ನಿಗೆ ತಿಳಿಸಿದಾಗ, ಕಾಡುಜನರ ಮಾತು ನಂಬಬಾರದೆಂದು ಸ್ವತಃ ಚಾರ್ಲ್ಸ್ ಡಿಕನ್ಸ್ ತನ್ನ ವಾರಪತ್ರಿಕೆಯಲ್ಲಿ ಹರಿಹಾಯ್ದ. ಆಮೇಲೆ ಸಿಕ್ಕ ಮೂಳೆಗಳ ಮೇಲೆ ಕತ್ತಿಯ ಗಾಯಗಳಿದ್ದವು. ಹಡಗುಗಳೂ ಸಿಕ್ಕವು: ಒಂದು 2014ರಲ್ಲಿ, ಇನ್ಯೂಟರ ಹಳೆಯ ಮಾತು ತೋರಿಸಿದ ದಿಕ್ಕಿನಲ್ಲಿ. ಇನ್ನೊಂದು 2016ರಲ್ಲಿ, ಹಿಮದಿಂದ ಮೇಲೆದ್ದ ಮರದ ಕಂಬವೊಂದನ್ನು ಹಿಂದೊಮ್ಮೆ ಕಂಡಿದ್ದ ಸ್ಯಾಮಿ ಕೋಗ್ವಿಕ್ ಎಂಬ ಇನ್ಯೂಟನ ಮಾತಿನಿಂದ. ಕೆನಡಾದ ಇನ್ಯೂಟರ ಸಂಘಟನೆ 2018ರಲ್ಲಿ ತನ್ನದೇ ಸಂಶೋಧನಾ ನೀತಿ ಪ್ರಕಟಿಸಿ, ತಮ್ಮ ನೆಲದ ಅಧ್ಯಯನದಲ್ಲಿ, ಅದರ ಹಣದಲ್ಲಿ, ಅದರ ಮಾಹಿತಿಯಲ್ಲಿ ತಮಗೆ ಅಧಿಕಾರ ಬೇಕೆಂದು ಕೇಳಿತು. ಇಷ್ಟು ಕೇಳುವ ಧೈರ್ಯ ನಮ್ಮ ಮುಂಬಯಿಯ ಕನ್ನಡ ಸಂಘಗಳಿಗೆ ಯಾಕಿಲ್ಲ? ಸನ್ಮಾನ, ಶಾಲು, ಫಲಪುಷ್ಪಕ್ಕೆ ಇರುವ ಉತ್ಸಾಹದಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ನಮ್ಮ ಹಿರಿಯರ ಮಾತು ದಾಖಲಿಸಲು ಯಾಕೆ ಇಡುವುದಿಲ್ಲ?

ನಮ್ಮ ಠಾಣೆಯಲ್ಲೇ ಉಪವನ ಕೆರೆ ದಾಟಿ ಯೆವೂರಿನ ಗುಡ್ಡ ಹತ್ತಿದರೆ ವಾರ್ಲಿ ಆದಿವಾಸಿಗಳ ಪಾಡಾಗಳಿವೆ. ವಾರ್ಲಿ ಚಿತ್ರ ನಮ್ಮ ವಾರ್ಷಿಕೋತ್ಸವಗಳ ಆಮಂತ್ರಣ ಪತ್ರಿಕೆಗಳ ಅಂಚಿನಲ್ಲಿ ಕುಣಿಯುತ್ತಿದೆ. ಅದನ್ನು ಬರೆದ ಕೈ ಯಾವುದೆಂದು ಒಂದು ಸಂಘವಾದರೂ ಅಚ್ಚು ಹಾಕಿಸಿದ್ದನ್ನು ನಾವು ಕಂಡಿಲ್ಲ. ನಮ್ಮವರಿಗಾದ ಅನ್ಯಾಯಕ್ಕೆ ಸಿಡಿದೇಳುವ ಹಕ್ಕು ನಮಗೆ ಬರಬೇಕಾದರೆ ಇದೂ ಕಣ್ಣಿಗೆ ಬೀಳಬೇಕು.

ಈ ಸಂಚಿಕೆಯ ವಿಶೇಷ ವಿಭಾಗ ಸೋಲಿಗರ ಕಾಡಿನ ಅರಿವಿಗೆ ಮೀಸಲು. ಮುಂದಿನ ಸಂಚಿಕೆಯಿಂದ ಒಂದು ನಿಯಮ: ಜನರ ಬಾಯಿಂದ ಕೇಳಿ ಬರೆದ ಲೇಖನವಾದರೆ, ಅವರ ಒಪ್ಪಿಗೆಯಿದ್ದಲ್ಲಿ, ಹೇಳಿದವರ ಹೆಸರು ಬರೆದವರ ಹೆಸರಿನ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ ಬರಬೇಕು. ಅಚ್ಚಾಗುವ ಮುನ್ನ ಲೇಖನವನ್ನು ಅವರಿಗೆ ಓದಿ ಹೇಳಿರಬೇಕು, ಗೌರವಧನದಲ್ಲಿ ಅರ್ಧ ಅವರದು. ಒಪ್ಪದ ಲೇಖಕರು ಹಸ್ತಪ್ರತಿಯನ್ನು ಬೇರೆ ಪತ್ರಿಕೆಗೆ ಕಳಿಸಲಿ, ನಮ್ಮ ಅಭ್ಯಂತರವಿಲ್ಲ. ಆ ಪುಸ್ತಕದ ವಿಮರ್ಶೆ ಬರೆಯಲು ವರ್ತಕ ನಗರದ ನಮ್ಮ ಓದುಗರನ್ನೇ ಕೇಳಿದ್ದೇವೆ, ಪ್ರತಿಯನ್ನೂ ಅವರ ಮನೆಗೆ ತಲುಪಿಸಿದ್ದೇವೆ.