ಕಚ್ಚಾ ಯಾವುದು?
ಜನಗಣತಿಯ ಲೆಕ್ಕದಾಗ ಮಣ್ಣಿನ ಗ್ವಾಡಿ ಕಚ್ಚಾ. ಮಳಿಗಾಲದಾಗ ಬಿದ್ದರ ಊರೆಲ್ಲಾ ಮಣ್ಣಿಗೇ ಬೈತದ. ನಾ ಒಪ್ಪಾಂಗಿಲ್ಲ. ಎರಿ ಮಣ್ಣು ನೀರಿಗೆ ಉಬ್ಬತದ, ಬಿಸಲಿಗೆ ಬಿರೀತದ. ಅದರಲ್ಲೇ ಗ್ವಾಡಿ ಕಟ್ಟಿದರ ತಪ್ಪು ಯಾರದು? ಉಸುಕು ಬೆರೆತ ಕೆಮ್ಮಣ್ಣು ತರ್ರಿ, ಬುಡಕ್ಕ ತಾಂಡೂರು ಕಲ್ಲು ಹಾಕ್ರಿ, ಮ್ಯಾಳಗಿ ನೀರು ಗ್ವಾಡಿಗೆ ತಾಗದಂಗ ದೂರ ಬೀಳಲಿ. ಮಣ್ಣಿನ ಗ್ವಾಡಿಗೆ ಸಿಮೆಂಟ್ ಗಿಲಾವು ಮಾತ್ರ ಬ್ಯಾಡ. ಒಳಹೊಕ್ಕ ನೀರು ಆರದೆ ಗ್ವಾಡಿ ಮೆತ್ತಗಾಗತದ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದವರು ಮಣ್ಣಿಗೆ ಚೂರು ಸಿಮೆಂಟ್ ಬೆರೆಸಿ, ಯಂತ್ರದಾಗ ಒತ್ತಿ, ಸುಡದೇ ಇಟ್ಟಂಗಿ ಮಾಡಿ ತೋರಿಸ್ಯಾರ. ಓದಿದವರು ಮೆಚ್ಚಿದ ಮಣ್ಣು ನಮಗ ಬ್ಯಾಡಾತು. ಸಾಲ ಮಾಡಿ ಸ್ಲ್ಯಾಬ್ ಹಾಕಿಸಿ, ಬ್ಯಾಸಿಗ್ಯಾಗ ಬೇವಿನ ಗಿಡದ ಬುಡಕ್ಕ ಮಲಗತೀವಿ. ಹಂಗಾರ ಕಚ್ಚಾ ಯಾವುದು, ಮಣ್ಣೋ, ನಮ್ಮ ತಿಳುವಳಿಕೆಯೋ?